ಜೋಳ ಊರಲ್ಲೇ ನಿಲ್ಲಲಿ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವಭಾಗದಿಂದ, ಅಂದರೆ ಉಮದಿ, ಸಂಖ, ಮಾಡಗ್ಯಾಳ, ತಿಕ್ಕುಂಡಿ ಕಡೆಯಿಂದ, ಈಚೆಗೆ ಒಂದೇ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ಬಚತ್ ಗಟದ (ಸ್ವಸಹಾಯ ಸಂಘದ) ತಾಯಂದಿರು ಕೇಳುತ್ತಾರೆ, ಕನ್ನಡ ಶಾಲೆಯ ಮಾಸ್ತರರು ಕೇಳುತ್ತಾರೆ, ದ್ರಾಕ್ಷಿ ತೋಟದ ಹುಡುಗರು ಫೋನ್ ಮಾಡಿ ಕೇಳುತ್ತಾರೆ: “ನಮ್ಮ ಭಾಗದಾಗ ಬೆಳದದ್ದು ಮೊದಲ ನಮ್ಮವರ ಹೊಟ್ಟಿಗೆ ಸಿಗೂ ಹಂಗ ಒಂದು ಕೇಂದ್ರ ಮಾಡಬೇಕಂತ ಅದೀವ್ರಿ. ಎಲ್ಲಿಂದ ಸುರು ಮಾಡೂಣು?” ಪೇಟೆಯವರು ಇದಕ್ಕೆ ಫುಡ್ ಹಬ್ ಅನ್ನುತ್ತಾರೆ. ಸಣ್ಣ ರೈತರ ಮಾಲು ಒಂದೆಡೆ ಕೂಡಿಸಿ, ಹಸನು ಮಾಡಿ, ಕಾಯ್ದಿಟ್ಟು, ಹತ್ತಿರದ ಮನೆಗಳಿಗೂ ಶಾಲೆಗಳಿಗೂ ಖಾನಾವಳಿಗಳಿಗೂ ಮುಟ್ಟಿಸುವ, ಊರವರೇ ನಡೆಸುವ ವ್ಯವಸ್ಥೆ ಅದು. ಕೇಳುವವರಲ್ಲಿ ಹೆಚ್ಚಿನವರ ತಲೆಯಲ್ಲಿ ಆಗಲೇ ಒಂದು ಕಟ್ಟಡ, ಶೀತಲಗೃಹ, ಪಿಕಪ್ ಗಾಡಿ, ಮೊಬೈಲ್ ಆ್ಯಪ್ ಎಲ್ಲ ಇರುತ್ತವೆ. ನನ್ನ ಉತ್ತರ ಇದಕ್ಕಿಂತ ಬಹಳ ಸಣ್ಣದು: ಜೋಳದಿಂದ ಸುರು ಮಾಡಿ. ಒಂದು ಊರು, ಒಂದು ಕೋಣೆ, ಒಂದು ಗಿರಣಿ, ಸುಗ್ಗಿಯಿಂದ ದೀಪಾವಳಿ ತನಕ ಜೋಳ ಹಿಡಿದಿಟ್ಟುಕೊಳ್ಳುವಷ್ಟು ದುಡ್ಡು, ಇಷ್ಟು ಸಾಕು.

ಜತ್ತ ಮಳೆನೆರಳಿನ ನಾಡು. ಅದೇ ಸಾಂಗ್ಲಿ ಜಿಲ್ಲೆಯ ಪಶ್ಚಿಮಕ್ಕೆ ಕೃಷ್ಣಾ, ವಾರಣಾ ದಂಡೆಯಲ್ಲಿ ಕಬ್ಬು ತೂಗಾಡುತ್ತಿದ್ದರೆ ಇಲ್ಲಿ ಬೋರ ನದಿ ಮಳೆಗಾಲ ಮುಗಿಯುತ್ತಿದ್ದಂತೆ ಬತ್ತುತ್ತದೆ. 2012ರಲ್ಲಿ ನಲವತ್ತರಷ್ಟು ಹಳ್ಳಿಗಳು ನೀರಿಲ್ಲದ ಸಂಕಟಕ್ಕೆ ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದು, 2022ರ ಕೊನೆಗೆ ಅದೇ ಮಾತು ಎರಡೂ ರಾಜ್ಯಗಳಲ್ಲಿ ಗದ್ದಲ ಎಬ್ಬಿಸಿದ್ದು, ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ತಿಕ್ಕುಂಡಿ ಕೆರೆಗೆ ಹರಿದದ್ದು, ಮ್ಹೈಸಾಳ ಯೋಜನೆಯ ವಿಸ್ತರಣೆಗೆ ಮಹಾರಾಷ್ಟ್ರ ಸರಕಾರ ಚುರುಕಾದದ್ದು ಓದುಗರಿಗೆ ನೆನಪಿದೆ. ನೀರಿನ ಬಗ್ಗೆ ಇಷ್ಟು ಮಾತಾಯಿತು, ಊಟದ ಬಗ್ಗೆ ಆಗಲಿಲ್ಲ. ನೀರು ಬಂದ ಕಡೆ ದ್ರಾಕ್ಷಿ, ದಾಳಿಂಬೆ ಏಳುತ್ತವೆ. ದ್ರಾಕ್ಷಿ ಒಣಗಿ ಮಣೂಕವಾಗಿ ತಾಸಗಾಂವ, ಸಾಂಗ್ಲಿಯ ಲಿಲಾವಿಗೆ ಹೋಗುತ್ತದೆ. ಮಾಡಗ್ಯಾಳದ ಡೊಂಕು ಮೂಗಿನ ಕುರಿಗೆ ದೂರದೂರದಿಂದ ಗಿರಾಕಿ ಬರುತ್ತಾರೆ. ಹೊರಗೆ ಹೋಗುವ ಮಾಲಿಗೆ ದಾರಿ, ದಲಾಲ, ಲಾರಿ ಎಲ್ಲ ಇವೆ. ಊರಿನಿಂದ ಊರಿಗೆ, ಓಣಿಯಿಂದ ಓಣಿಗೆ ಹೋಗಬೇಕಾದ ಮಾಲಿಗೆ ಮಾತ್ರ ಯಾವ ಏರ್ಪಾಡೂ ಇಲ್ಲ. ಗಡಿಭಾಗದ ಸಂತೆಗಳಲ್ಲಿ ಸಂಜೆ ಹೊತ್ತು ನಿಂತು ನೋಡಿದರೆ ಇದು ಕಣ್ಣಿಗೆ ಹೊಡೆಯುತ್ತದೆ. ಕೂಲಿ ಮುಗಿಸಿ ಬಂದ ಹೆಣ್ಣುಮಕ್ಕಳು ಬಾಡಿದ ಮೆಂತೆ ಸೂಡನ್ನು ಬಿಡಿಸಿ ನೋಡಿ, ಹಳದಿ ಎಲೆ ಕಿತ್ತು, ಉಳಿದರ್ಧಕ್ಕೆ ದರ ಕೇಳುತ್ತಿರುತ್ತಾರೆ. ಆ ಮೆಂತೆ ದೊಡ್ಡ ಮಾರ್ಕೆಟ್ಟಿಗೆ ಹೋಗಿ, ಅಡತಿ ಅಂಗಡಿಯಲ್ಲಿ ರಾತ್ರಿ ಕಳೆದು ಇಲ್ಲಿಗೆ ತಿರುಗಿ ಬಂದಿರುತ್ತದೆ. ಅದೇ ಊರಿನ ಬಾವಿ ತೋಟದಲ್ಲಿ ಆ ಹೊತ್ತಿಗೆ ಬೆಂಡಿಕಾಯಿ ಬಲಿತು ಗಿಡದಲ್ಲೇ ಒಣಗುತ್ತಿರಬಹುದು. ಅರ್ಧ ಬುಟ್ಟಿ ಬೆಂಡಿಗೆಂದು ಯಾರು ಗಾಡಿ ಹೂಡುತ್ತಾರೆ?

ಹಾಗಿದ್ದರೆ ಕಾಯಿಪಲ್ಯದಿಂದಲೇ ಯಾಕೆ ಸುರು ಮಾಡಬಾರದು ಎಂದು ಕೇಳಿದವರುಂಟು. ಕಾಯಿಪಲ್ಯ ಒಂದು ದಿನ ತಡೆಯುವುದಿಲ್ಲ. ಹೊಸದಾಗಿ ಕೂಡಿದ ಗುಂಪು ಕಲಿಯುವಾಗ ತಪ್ಪುತ್ತದೆ, ಕಾಯಿಪಲ್ಯ ಆ ತಪ್ಪನ್ನು ಸಹಿಸದು. ಜೋಳ ಸಹಿಸುತ್ತದೆ. ತಿಂಗಳುಗಟ್ಟಲೆ ಕಾಯುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ರೊಟ್ಟಿ ಬಡಿಯುವವರಿಗೆ ಅದು ಗೊತ್ತು. ಜೋಳದ ಕಾಳು ವರ್ಷ ಉಳಿದರೂ ಜೋಳದ ಹಿಟ್ಟು ಹದಿನೈದು ದಿನಕ್ಕೇ ಹಳಸಲು ಸುರುವಾಗುತ್ತದೆ. ಅದರೊಳಗಿನ ಎಣ್ಣೆಯಂಶ ಕಮಟಾಗಿ ರುಚಿ ಕಹಿಗೆ ತಿರುಗುತ್ತದೆ, ಜಿಗಿ ಹೋಗಿ ರೊಟ್ಟಿ ಅಂಚಿನಿಂದ ಹರಿಯುತ್ತದೆ. ಗೋಧಿ ಹಿಟ್ಟಿನ ಹಾಗೆ ದೂರದ ಮಿಲ್ಲಿನಲ್ಲಿ ಬೀಸಿ, ಪಾಕೀಟು ಮಾಡಿ, ತಿಂಗಳಾನುಗಟ್ಟಲೆ ಅಂಗಡಿಯಲ್ಲಿ ಇಡುವ ವ್ಯಾಪಾರಕ್ಕೆ ಜೋಳ ಒಗ್ಗುವುದಿಲ್ಲ. ಕಾಳು ಊರಲ್ಲಿರಬೇಕು, ಗಿರಣಿ ನಡೆದು ಹೋಗುವ ದೂರದಲ್ಲಿರಬೇಕು, ಎಂಟು ದಿನಕ್ಕೊಮ್ಮೆ ಬೀಸಿಸಬೇಕು. ಹತ್ತಿರದಲ್ಲೇ ಇರಬೇಕೆಂದು ಹಟ ಹಿಡಿಯುವ ಧಾನ್ಯ ಇದು. ಜತ್ತಕ್ಕೆ ಹೊಂದಿಕೊಂಡ ಮಂಗಳವೇಢದ ಮಾಲದಂಡಿ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಹಿಂಗಾರಿಯ ತೇವ ಹಿಡಿದು ಏಳುವ ಅದೇ ಜೋಳ ಜತ್ತದ ಎರೆಹೊಲಗಳಲ್ಲೂ ಬೆಳೆಯುತ್ತದೆ. ಅದರ ಕಣಿಕಿ ದನಕ್ಕೆ, ಕಾಳು ಮನೆಗೆ.

ಆದರೂ ಈ ಊರುಗಳ ಬಹಳಷ್ಟು ಮನೆಗಳಲ್ಲಿ ಶ್ರಾವಣದ ಹೊತ್ತಿಗೆ ಜೋಳ ಇರುವುದಿಲ್ಲ. ಫಾಲ್ಗುಣದಲ್ಲಿ ರಾಶಿಯಾಗುತ್ತದೆ. ಆಗಲೇ ಕೈಗಡ ತೀರಿಸಬೇಕು, ಸೊಸಾಯಿಟಿ ಬಾಕಿ ಕಟ್ಟಬೇಕು, ಮದುವೆ ಮುಂಜಿ ಬರುತ್ತವೆ. ಹೊಲವಿಲ್ಲದವರು ದಸರೆಯ ಮುಂದೆ ಹಿಂದೆ ಉಚಲು (ಮುಂಗಡ) ತೆಗೆದುಕೊಂಡು ಕಬ್ಬು ಕಡಿಯಲು ಪಶ್ಚಿಮಕ್ಕೆ ಹೋದವರು, ಕಾರಖಾನೆ ನಿಂತ ಮೇಲೆ ಬರುತ್ತಾರೆ. ಜೋಳ ಅಗ್ಗವಿರುವ ಆ ಒಂದೆರಡು ತಿಂಗಳಲ್ಲಿ ವರ್ಷದ ಚೀಲ ಒಮ್ಮೆಲೇ ಕೊಳ್ಳುವಷ್ಟು ಗಂಟು ಅವರ ಕೈಯಲ್ಲಿ ಉಳಿದಿರುವುದಿಲ್ಲ. “ಸುಗ್ಗ್ಯಾಗ ಮಾರೂದು, ಶ್ರಾವಣದಾಗ ಕೊಳ್ಳೂದು, ಇದ ನಮ್ಮ ಬಾಳೇವು ಆಗೇತ್ರಿ” ಎಂದು ಸಂಖದ ಕಡೆಯ ಒಬ್ಬ ತಾಯಿ ಹೇಳಿದಳು. ಅವಳ ಮನೆಯವರು ಬೆಳೆಯುವವರೂ ಹೌದು, ಕೊಳ್ಳುವವರೂ ಹೌದು, ಎರಡೂ ಕಡೆ ಸೋಲುವವರೂ ಅವರೇ. ರೇಶನ್ ಇದೆ ನಿಜ. 2013ರ ಆಹಾರ ಭದ್ರತಾ ಕಾಯ್ದೆಯಂತೆ ತಲೆಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯದ ಮನೆಗೆ 35 ಕಿಲೋ ಧಾನ್ಯ, 2023ರ ಜನವರಿಯಿಂದ ಅದೂ ಪುಕ್ಕಟೆ. ಹಸಿವನ್ನು ತಡೆದ ಗೋಡೆ ಅದು, ಅದನ್ನು ಕಡಿಮೆ ಮಾಡಿ ಮಾತಾಡುವವನು ನಾನಲ್ಲ. ಆದರೆ ಅಲ್ಲಿ ಬರುವುದು ಬಹುಪಾಲು ಗೋಧಿ, ಅಕ್ಕಿ. ಹೊಲದಲ್ಲಿ ದುಡಿಯುವ ಮೈಗೆ ಎರಡು ಹೊತ್ತಿನ ರೊಟ್ಟಿ ಬೇಕೇಬೇಕೆನ್ನುವ ಮನೆ ಉಳಿದದ್ದನ್ನು ಅಂಗಡಿಯಲ್ಲಿ ಕೊಳ್ಳುತ್ತದೆ, ಅದೂ ಕಿಲೋ ಎರಡು ಕಿಲೋ ಲೆಕ್ಕದಲ್ಲಿ, ಏರಿದ ದರಕ್ಕೆ.

ನಮ್ಮ ಹಿರಿಯರು ಕಾಳು ಕಾಯ್ದಿಡುವ ಕೆಲಸವನ್ನು ನೆಲದೊಳಗೆ ಮಾಡುತ್ತಿದ್ದರು. ವಿಜಯಪುರ ಸೀಮೆಯ ಒಂದು ವಾಡೆಯಲ್ಲಿ ಹಗೇವು ತೆಗೆದದ್ದನ್ನು ನಾನು ಹುಡುಗನಾಗಿದ್ದಾಗ ನೋಡಿದ್ದೇನೆ. ಅಂಗಳದ ಮಣ್ಣು ಕೆರೆದು, ಬಾಯಿಗೆ ಮುಚ್ಚಿದ್ದ ಕಲ್ಲಿನ ಚಪ್ಪಡಿಯನ್ನು ಹಾರೆ ಹಾಕಿ ಎಬ್ಬಿಸಿದರು. ಒಳಗಿನಿಂದ ಬಿಸಿ ಹಬೆಯಂಥ, ಮೂಗಿಗೆ ಹುಳಿ ಹತ್ತುವ ವಾಸನೆ ಬಂತು. ಯಾರೂ ಇಳಿಯಲಿಲ್ಲ. ಬಾಯಿ ತೆರೆದು ಹಾಗೇ ಬಿಟ್ಟು, ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದರು. ದೀಪ ಆರಿದರೆ ಒಳಗೆ ವಿಷಗಾಳಿ ಇದೆ ಎಂದು ಲೆಕ್ಕ. ದೀಪ ಉರಿಯಿತು. ಆಮೇಲೆ ಒಬ್ಬನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದು ಬುಟ್ಟಿ ತುಂಬಿ ಕೊಡತೊಡಗಿದ. ಗೋಡೆಗೆ ಹತ್ತಿದ ಕಾಳು ಕಪ್ಪಾಗಿ ಹೆಂಟೆಗಟ್ಟಿತ್ತು, ನಡುವಿನ ಕಾಳು ನಿನ್ನೆ ರಾಶಿ ಮಾಡಿದ ಹಾಗೆ ಇತ್ತು. ಗಾಳಿ ಆಡದ ಕಡೆ ಹುಳ ಬದುಕುವುದಿಲ್ಲ ಎಂಬ ಈಗಿನ ಶಾಸ್ತ್ರವೂ ಅದೇ. ಬೇಳೆಕಾಳಿಗೆ ಈಗ ಬಂದಿರುವ ಗಾಳಿಯಾಡದ ಪದರದ ಚೀಲಗಳು ಆ ಹಗೇವಿನ ತತ್ವದ ಮೇಲೇ ನಿಂತಿವೆ. ಆದರೆ ಹಗೇವು ಇದ್ದದ್ದು ಗೌಡರ, ದೇಸಾಯರ ಮನೆಗಳಲ್ಲಿ. ಆಷಾಢದಲ್ಲಿ ನಾಲ್ಕು ಚೀಲ ಒಯ್ದವನು ಸವಾಯಿ ಲೆಕ್ಕದಲ್ಲಿ ಸುಗ್ಗಿಗೆ ಐದು ಚೀಲ ಅಳೆಯಬೇಕಿತ್ತು. ಕಾಳು ಊರಲ್ಲೇ ಉಳಿಯುತ್ತಿತ್ತು, ಅದರ ಮೇಲಿನ ಹಕ್ಕು ಮಾತ್ರ ಒಂದು ಮನೆಯದಾಗಿತ್ತು. ಇವತ್ತು ನಾವು ಕಟ್ಟಬೇಕಾದ್ದು ಬೀಗದ ಕೈ ಬಡವರ ಕೈಯಲ್ಲಿರುವ ಹಗೇವು.

ಅಂಥದ್ದನ್ನು ಕಟ್ಟಿದವರು ನಮ್ಮ ಮಗ್ಗುಲಲ್ಲೇ ಇದ್ದಾರೆ. ಬೀದರಿಗೆ ಅಂಟಿಕೊಂಡಿರುವ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ, ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳ ಸಂಘಗಳು 1990ರ ದಶಕದ ನಡುವಿನಿಂದ ತಮ್ಮದೇ ಪಡಿತರ ನಡೆಸಿದವು. ಆ ಸಂಸ್ಥೆಯನ್ನು ಮುನ್ನಡೆಸಿದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದ ಕೆಲಸದಿಂದ ಹಳ್ಳಿಗೆ ಬಂದವರು, 2023ರ ಮಾರ್ಚಿನಲ್ಲಿ ತೀರಿಕೊಂಡರು. ಆ ಹೆಣ್ಣುಮಕ್ಕಳು ಮಾಡಿದ್ದು ಹೀಗೆ: ಬೀಳು ಬಿದ್ದ ಹೊಲಗಳನ್ನು ಹಸನು ಮಾಡಲು ಸಣ್ಣ ರೈತರಿಗೆ ಸಾಲ ಕೊಟ್ಟರು, ಸಾಲವನ್ನು ದುಡ್ಡಿನ ಬದಲು ಜೋಳದಲ್ಲೇ ವರ್ಷಕ್ಕಿಷ್ಟೆಂದು ತೀರಿಸಿಕೊಂಡರು, ಆ ಜೋಳವನ್ನು ಊರಲ್ಲೇ ಕೂಡಿಟ್ಟು ಕಾಳಿಲ್ಲದ ತಿಂಗಳುಗಳಲ್ಲಿ ಬಡವರಿಗೆ ಅಗ್ಗಕ್ಕೆ ಮಾರಿದರು. ಯಾರು ಬಡವರು ಎಂಬುದನ್ನು ಊರ ಮಂದಿ ಕೂಡಿದ ಸಭೆಯಲ್ಲಿ, ಎಲ್ಲರೆದುರು, ಹೆಣ್ಣುಮಕ್ಕಳೇ ಗೊತ್ತುಮಾಡಿದರು. ಹೆಚ್ಚು ಬಡವರಿಗೆ ಹೆಚ್ಚು ಪಾಲು. 2019ರಲ್ಲಿ ವಿಶ್ವಸಂಸ್ಥೆಯ ಇಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ಅದೇ ಪ್ರಶಸ್ತಿ 2025ರಲ್ಲಿ ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ ಬಂದಾಗ ನನಗಾದ ಸಂತೋಷ ಹೇಳತೀರದು. ಅವರು ಬೀಜ ಬ್ಯಾಂಕು ಮಾಡಿದರು, ಸಿರಿಧಾನ್ಯ ಹಸನು ಮಾಡುವ ಯಂತ್ರಗಳನ್ನು ತಾವೇ ನಡೆಸಿದರು, ಸುತ್ತಲಿನ ಊರುಗಳ ರೈತರನ್ನು ಕೂಡಿಸಿಕೊಂಡರು. ಜತ್ತದ ಬಚತ್ ಗಟಗಳು ಒಂದು ಟೆಂಪೊ ಮಾಡಿಕೊಂಡು ಹೋಗಿ ತೀರ್ಥದಲ್ಲಿ ಎರಡು ದಿನ ಇದ್ದು ಬರಬೇಕು. ಅಲ್ಲಿ ಭಾಷೆಯೂ ಒಂದೇ, ಊಟವೂ ಒಂದೇ.

ಈಗ ಜತ್ತದ ಲೆಕ್ಕ ಹಾಕೋಣ. ಒಂದು ಊರಿನಲ್ಲಿ ಜೋಳ ಕೊಂಡು ತಿನ್ನುವ ನೂರು ಮನೆಗಳನ್ನು ಹಿಡಿಯಿರಿ. ರೇಶನ್ ಬಿಟ್ಟು ಮನೆಗೆ ತಿಂಗಳಿಗೆ 30 ಕಿಲೋ ಜೋಳ, ಆಷಾಢದಿಂದ ಆಶ್ವೀಜದ ತನಕ ನಾಲ್ಕು ತಿಂಗಳು. ಒಟ್ಟು 120 ಕ್ವಿಂಟಲ್. ಐವತ್ತು ಕಿಲೋದ 240 ಚೀಲ. ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, ನೆಲಕ್ಕೆ ಹಲಗೆ ಹಾಕಿ, ಹತ್ತು ಚೀಲದ ಥಪ್ಪಿ ಹಚ್ಚಿದರೆ ಒಂದು ಶಾಲಾ ಕೋಣೆಯಷ್ಟು ಜಾಗ ಸಾಕು. ಹೊಸ ಕಟ್ಟಡ ಬೇಡ. ಮಕ್ಕಳು ಕಡಿಮೆಯಾಗಿ ಖಾಲಿ ಬಿದ್ದ ಕೋಣೆಯೋ ಸೊಸಾಯಿಟಿಯ ಹಳೆಯ ಗೊಬ್ಬರದ ಗೋದಾಮೋ ಸಿಗುತ್ತದೆ. ಗೊಬ್ಬರ, ಎಣ್ಣೆ ಇಟ್ಟಿದ್ದ ಕೋಣೆಯಾದರೆ ತೊಳೆದು, ಸುಣ್ಣ ಹೊಡೆದು, ಒಂದು ಬೇಸಿಗೆ ಖಾಲಿ ಬಿಡಬೇಕು. ದುಡ್ಡು? ಕೇಂದ್ರ ಸರಕಾರ 2025-26ಕ್ಕೆ ಮಾಲದಂಡಿಗೆ ಕ್ವಿಂಟಲಿಗೆ 3,749 ರೂಪಾಯಿ ಬೆಂಬಲ ಬೆಲೆ ಸಾರಿತ್ತು. ಆ ದರದಲ್ಲಿ 120 ಕ್ವಿಂಟಲಿಗೆ ನಾಲ್ಕೂವರೆ ಲಕ್ಷ. ಕೊಳ್ಳುವವರು, ಬೆಳೆಯುವವರು ಕೂಡಿ ನೂರೈವತ್ತು ಮನೆಗಳು ತಲಾ 3,000 ರೂಪಾಯಿ ಷೇರು ಹಾಕಿದರೆ ಅಷ್ಟಾಗುತ್ತದೆ. ಅಷ್ಟು ಕೂಡದಿದ್ದರೆ ಬೆಳೆಗಾರನಿಗೆ ರಾಶಿಯ ಹೊತ್ತಿಗೆ ಅರ್ಧ ದುಡ್ಡು, ಮಾರಿದ ಮೇಲೆ ಇನ್ನರ್ಧ ಎಂದು ಗೊತ್ತು ಮಾಡಿಕೊಳ್ಳಬಹುದು. ಆದರೆ ಆ ಮೊದಲರ್ಧ ಚೀಲ ತೂಗಿದ ದಿನವೇ ಕೈಗೆ ಬೀಳಬೇಕು. ಬಾಕಿ ಹೇಳುವ ಸಂಘಕ್ಕಿಂತ ರೋಕಡಾ ಕೊಡುವ ದಲಾಲನೇ ವಾಸಿ ಎಂದು ರೈತನಿಗೆ ಒಮ್ಮೆ ಅನ್ನಿಸಿದರೆ ಮುಗಿಯಿತು. ಸಾಗಣೆ, ಹಮಾಲಿ, ಚೀಲ, ಹಸನು ಮಾಡುವಾಗ ಹೋಗುವ ಕಸಕಡ್ಡಿ, ಕಾಯುವವರ ಪಗಾರ ಕೂಡಿಸಿ ಕಿಲೋಗೆ ನಾಲ್ಕೈದು ರೂಪಾಯಿ ಏರಿಸಿದರೂ ಭಾದ್ರಪದದ ಕೊಳ್ಳುವವರಿಗೆ ಹಗುರಾಗುವ ವರ್ಷಗಳೇ ಹೆಚ್ಚು ಎಂಬುದು ನನ್ನ ಅಂದಾಜು.

ಚೀಲ ಒಳಗೆ ಹೋಗುವ ಮೊದಲು ಕಾಳು ಒಣಗಿದೆಯೇ ಎಂದು ನೋಡುವುದು ಎಲ್ಲಕ್ಕಿಂತ ಮುಖ್ಯ. ನೂರರಲ್ಲಿ ಹನ್ನೆರಡಕ್ಕಿಂತ ಹೆಚ್ಚು ತೇವ ಇರಬಾರದು. ತೇವ ಅಳೆಯುವ ಯಂತ್ರ ಬರುವ ತನಕ ಹಲ್ಲೇ ಯಂತ್ರ, ಕಡಿದರೆ ಕಟ್ ಎಂದು ಒಡೆಯಬೇಕು, ಒತ್ತಿದರೆ ಚಪ್ಪಟೆಯಾದದ್ದು ಇನ್ನೆರಡು ಬಿಸಿಲು ಕಾಣಬೇಕು. ತಂದವನು ನಂಟನೇ ಆಗಿರಲಿ, ಹಸಿ ಚೀಲ ತಿರುಗಿ ಹೋಗಬೇಕು. ಒಂದು ಹಸಿ ಚೀಲ ಇಡೀ ಥಪ್ಪಿಗೆ ಬೂಸು ಹಚ್ಚುತ್ತದೆ. ಮಾರುವುದು ಸಂತೆಯ ದಿನ, ವಾರದ ಪಗಾರ ಕೈಗೆ ಬಂದ ಸಂಜೆ, ಏಳೆಂಟು ಕಿಲೋ ಲೆಕ್ಕದಲ್ಲಿ. ಬಡವರು ತಿಂಗಳಿಗೊಮ್ಮೆ ಚೀಲ ಕೊಳ್ಳಲಿ ಎಂದು ಕಾಯುವ ಅಂಗಡಿ ಬಡವರ ಅಂಗಡಿಯಲ್ಲ. ಪಕ್ಕದಲ್ಲೇ ಗಿರಣಿ ಇದ್ದರೆ ಹಿಟ್ಟು ಮಾಡಿಸಿಕೊಂಡೇ ಮನೆಗೆ ಹೋಗುತ್ತಾರೆ. ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಮಾಡಿ ಮಾರುವ ಆಸೆ ಎಲ್ಲ ಗುಂಪುಗಳಿಗೂ ಇದೆ. ಅದಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಸಣ್ಣ ವಹಿವಾಟಿಗೆ ಅದು ಅಲ್ಪ ಖರ್ಚಿನಲ್ಲಿ ಮುಗಿಯುವ ಕೆಲಸ, ಹೆದರಬೇಕಿಲ್ಲ. ಲೆಕ್ಕದ ಪುಸ್ತಕ ಕನ್ನಡದಲ್ಲಿರಲಿ. ಕಚೇರಿಗೆ ಕೊಡುವ ಕಾಗದ ಮರಾಠಿಯಲ್ಲಿ ಹೋಗಲೇಬೇಕು, ಹೋಗಲಿ. ಆದರೆ ಷೇರು ಹಾಕಿದ ತಾಯಿ ತನ್ನ ಹೆಸರಿನ ಮುಂದೆ ಎಷ್ಟು ಬರೆದಿದೆ ಎಂದು ತಾನೇ ಓದಿಕೊಳ್ಳುವಂತಿರಬೇಕು. ಕನ್ನಡ ಶಾಲೆಯಲ್ಲಿ ಕಲಿತು ಮನೆಯಲ್ಲಿರುವ ಸೊಸೆಯಂದಿರು ಈ ಕೆಲಸವನ್ನು ಯಾವ ಗುಮಾಸ್ತನಿಗಿಂತಲೂ ಚೊಕ್ಕವಾಗಿ ಮಾಡುತ್ತಾರೆ.

ಇಷ್ಟು ದುಡ್ಡಿನ ಮಾತು ಯಾಕೆ, ಪುಕ್ಕಟೆ ಕೊಡಬಾರದೇ ಎಂದು ಗುಡ್ಡಾಪುರದ ದಾನಮ್ಮನ ಭಕ್ತರೊಬ್ಬರು ನನ್ನನ್ನು ಕೇಳಿದರು. ಅವರ ಪ್ರಶ್ನೆಯ ಹಿಂದಿನ ಅಂತಃಕರಣ ದೊಡ್ಡದು. ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿ, ಕೊಡುವ ಗುಣದಿಂದ ದಾನಮ್ಮ ಎನಿಸಿಕೊಂಡ ಶರಣೆಯ ನೆಲ ಇದು. ಅಲ್ಲಿಗೆ ಕರ್ನಾಟಕದ ಜಿಲ್ಲೆಗಳಿಂದ ನಡೆದು ಬರುವವರಿಗೆ ದಾಸೋಹದಲ್ಲಿ ಊಟ ಸಿಗುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರ್‌ಗಳಲ್ಲಿ ಲಕ್ಷಾಂತರ ಜೋಳದ ರೊಟ್ಟಿ ಬರುತ್ತವೆ. ಮನೆಮನೆಯಿಂದ ಕೂಡಿಸುವ, ಕೆಡದಂತೆ ಮುಟ್ಟಿಸುವ, ಸಾವಿರಾರು ಮಂದಿಗೆ ಬಡಿಸುವ ಕಲೆ ನಮ್ಮವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಆದರೆ ಜಾತ್ರೆ ವರ್ಷಕ್ಕೊಮ್ಮೆ, ಹೊಟ್ಟೆ ದಿನಕ್ಕೆರಡು ಸಲ. ವರ್ಷವಿಡೀ ನಡೆಯಬೇಕಾದ್ದು ತನ್ನ ಕಾಲ ಮೇಲೆ ನಿಲ್ಲಬೇಕು. ಬೆಲೆ ಕೊಟ್ಟು ಕೊಂಡವಳು ಕಾಳು ಚಲೋ ಇಲ್ಲದಿದ್ದರೆ ಎಲ್ಲರೆದುರು ಕೇಳುತ್ತಾಳೆ. ಆ ಕೇಳುವ ಹಕ್ಕು ಉಳಿಯಬೇಕೆಂದೇ ನಾನು ಬೆಲೆಯ ಪರ. ದುಡಿಯಲಾಗದ ಮುದುಕರು, ಒಂಟಿ ಹೆಂಗಸರು ಇರುವ ಮನೆಗಳಿಗೆ ಪುಕ್ಕಟೆ ಪಾಲು ಬೇರೆ ಇಡಬೇಕು. ಅದರ ಖರ್ಚನ್ನು ಮಠ, ದೇವಸ್ಥಾನ, ಉಳ್ಳವರು ಹೊತ್ತರೆ ಅದೇ ದಾಸೋಹ.

ಎರಡು ಸುಗ್ಗಿ ಜೋಳ ದಾಟಿಸಿದ ಗುಂಪು ತೊಗರಿ, ಮಡಿಕೆ, ಶೇಂಗಾಕ್ಕೆ ಕೈ ಹಾಕಲಿ, ಆಮೇಲೆ ಕಾಯಿಪಲ್ಯಕ್ಕೆ. ಆಗ ದ್ರಾಕ್ಷಿ ಬೆಳೆಗಾರರು ಬೇಕಾಗುತ್ತಾರೆ, ಯಾಕೆಂದರೆ ಬೇಸಿಗೆಯಲ್ಲಿ ನೀರಿರುವುದು ಅವರಲ್ಲಿ. ಬೆಂಗಳೂರಿನ ಹಾಪ್‌ಕಾಮ್ಸ್ 1959ರಲ್ಲಿ ಡಾ. ಎಂ.ಎಚ್. ಮರೀಗೌಡರ ಪ್ರೇರಣೆಯಿಂದ ಹುಟ್ಟಿದ್ದು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿಯೇ. ಮುಂದೆ ಅದು ಎಲ್ಲ ಹಣ್ಣು, ತರಕಾರಿಗೂ ಬೀದಿಬೀದಿಯ ಮಳಿಗೆ ತೆರೆಯಿತು. ಬ್ರೆಜಿಲ್ ದೇಶದ ಬೆಲೊ ಹೊರಿಜಾಂಟೆ ನಗರ 1993ರಲ್ಲಿ ಊಟ ಪ್ರತಿಯೊಬ್ಬರ ಹಕ್ಕು ಎಂದು ಸಾರಿ, ಸುತ್ತಲಿನ ಸಣ್ಣ ರೈತರಿಗೆ ಪೇಟೆಯ ಒಳ್ಳೆಯ ಜಾಗಗಳಲ್ಲಿ ನೇರ ಮಾರಲು ಕಟ್ಟೆ ಕೊಟ್ಟಿತು. ಅಲ್ಲಿ ನಗರಸಭೆ ಮಾಡಿದ ಕೆಲಸವನ್ನು ಇಲ್ಲಿ ಗ್ರಾಮ ಪಂಚಾಯತಿ ಮಾಡಬಹುದು, ಸಂತೆಯ ಮೊದಲ ಸಾಲನ್ನು ಊರ ಬೆಳೆಗಾರರಿಗೆ ಬಿಟ್ಟುಕೊಟ್ಟರೆ ಸಾಕು. ಮಾರ್ಕೆಟ್ಟಿನ ವಿಷಯದಲ್ಲಿ ಗಡಿಯನ್ನು ಮರೆಯಿರಿ. ಉಮದಿಯವರಿಗೆ ಜತ್ತಕ್ಕಿಂತ ಗಡಿಯಾಚೆಯ ಚಡಚಣ ಹತ್ತಿರ. ಒಂದು ವರ್ಷ ಇಲ್ಲಿ ಹೆಚ್ಚಾದ ಜೋಳ ಅಲ್ಲಿಗೆ, ಅಲ್ಲಿ ಹೆಚ್ಚಾದದ್ದು ಇಲ್ಲಿಗೆ ಬರಲಿ.

ಬರ ಬಿದ್ದರೆ ಏನು ಗತಿ ಎಂಬುದು ಎಲ್ಲರ ಕೊನೆಯ ಪ್ರಶ್ನೆ, ಜತ್ತದಲ್ಲಿ ಅದು ನ್ಯಾಯವಾದ ಪ್ರಶ್ನೆ. ಕೆಲಸ ಕೊಡುವ ಕಾನೂನನ್ನು ದೇಶಕ್ಕೆ ತೋರಿಸಿದ ಜಿಲ್ಲೆ ಇದು. ತಾಸಗಾಂವ ತಾಲೂಕಿನ ವಿ.ಸ. ಪಾಗೆಯವರು 1965ರಲ್ಲಿ ಅಲ್ಲೇ ಪ್ರಯೋಗ ಮಾಡಿದ ರೋಜಗಾರ ಹಮಿ (ಉದ್ಯೋಗ ಖಾತ್ರಿ) 1972ರ ಬರದಲ್ಲಿ ಬೆಳೆದು 1977ರಲ್ಲಿ ಮಹಾರಾಷ್ಟ್ರದ ಕಾಯ್ದೆಯಾಯಿತು. ಆದರೆ ಆ ಬರದಲ್ಲಿ ಖಡಿ ಒಡೆದ ಹಿರಿಯರನ್ನು ಕೇಳಿ. ಕೂಲಿ ಸಿಕ್ಕಿತು, ಪೇಟೆಯಲ್ಲಿ ಜೋಳ ಸಿಗಲಿಲ್ಲ, ಅಮೆರಿಕದಿಂದ ಬಂದ ಕೆಂಪು ಮೈಲೊ ತಿಂದು ದಿನ ನೂಕಿದೆವು ಎನ್ನುತ್ತಾರೆ. ಹಾಗಾಗಿ ದಾಸ್ತಾನಿನ ಐದರಲ್ಲಿ ಒಂದು ಪಾಲನ್ನು, ಅಂದರೆ ಆ 240ರಲ್ಲಿ 48 ಚೀಲವನ್ನು, ಮುಂದಿನ ಹಿಂಗಾರಿ ಹೊಲದಲ್ಲಿ ತೆನೆ ಕಾಣುವ ತನಕ ಯಾರೂ ಮುಟ್ಟಬಾರದು. ದರ ಏರಿದಾಗ ಅದನ್ನೂ ಮಾರಿ ಲಾಭ ಹಂಚೋಣ ಎಂದು ಯಾರಾದರೂ ಎದ್ದು ನಿಂತೇ ನಿಲ್ಲುತ್ತಾರೆ. ಈ ಕಟ್ಟಳೆಯನ್ನು ಮೊದಲ ಸಭೆಯಲ್ಲೇ ಬರೆದು ಎಲ್ಲರ ಸಹಿ, ಹೆಬ್ಬೆಟ್ಟು ತೆಗೆದುಕೊಳ್ಳಿ. ಬರುವ ಸುಗ್ಗಿಗೆ ಸುರು ಮಾಡುವವರು ಸಂಕ್ರಾಂತಿಯೊಳಗೆ ಕೋಣೆ ತೊಳೆದು, ಹಲಗೆ ಹಾಕಿ, ಷೇರಿನ ದುಡ್ಡು ಕೂಡಿಸಿ ಇಟ್ಟುಕೊಳ್ಳಬೇಕು. ರಾಶಿಯಾದ ಮೇಲೆ ಸಭೆ ಕರೆದರೆ ಅಷ್ಟರಲ್ಲಿ ಜೋಳ ಲಾರಿ ಏರಿರುತ್ತದೆ.